ಕಾಣದ ಅರ್ಧ: ಎಡ್ವರ್ಡ್ ಯಾಂಗರ ಚಿತ್ರಗಳನ್ನು ಕುರಿತು

(ಬಾನುಲಿ ಭಾಷಣ)

ತೈವಾನ್ ದ್ವೀಪದ ಚಿತ್ರನಿರ್ದೇಶಕ ಎಡ್ವರ್ಡ್ ಯಾಂಗರ ಹೆಸರು ನಮ್ಮಲ್ಲಿ ಬಹುಮಂದಿಗೆ ಪರಿಚಿತವಲ್ಲ. ಅವರು ಬಿಟ್ಟುಹೋದ ಪೂರ್ಣಪ್ರಮಾಣದ ಚಿತ್ರಗಳು ಏಳೇ ಏಳು. ಮೊದಲನೆಯದು 1983ರಲ್ಲಿ ಬಂದಿತು, ಕಡೆಯದು 2000ದಲ್ಲಿ. 2007ರ ಜೂನ್ 29ರಂದು, ಅರುವತ್ತು ತುಂಬುವ ಮೊದಲೇ, ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಕನ್ನಡ ಕಾವ್ಯವನ್ನೂ ಕಾವ್ಯಮೀಮಾಂಸೆಯನ್ನೂ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ನನ್ನಂಥವನು ಇವರ ಚಿತ್ರಗಳನ್ನು ಬೆಲೆಕಟ್ಟಲು ಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಒಬ್ಬ ಕಲಾವಿದನ ವಿಷಯದಲ್ಲಿ ತಪ್ಪು ತೀರ್ಪು ಕೊಟ್ಟು, ಆಮೇಲೆ ಅದನ್ನು ಹಿಂತೆಗೆದುಕೊಂಡವನಿಗೆ ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಹೊಣೆಯೂ ಇರುತ್ತದೆ. ಆ ಹೊಣೆಯನ್ನು ತೀರಿಸುವುದಕ್ಕಾಗಿಯೇ ಈ ಮಾತು.

ಯಾಂಗರ ಚಿತ್ರವೊಂದನ್ನು ನಾನು ಮೊದಲು ನೋಡಿದ್ದು ಮಗಳ ಮನೆಯಲ್ಲಿ, ಅವಳ ಕಂಪ್ಯೂಟರಿನ ಪುಟ್ಟ ತೆರೆಯ ಮೇಲೆ, ರಾತ್ರಿಯೂಟವಾದ ನಂತರ. ಚಿತ್ರ ‘ತೈಪೆ ಕಥೆ’. ಮುಕ್ಕಾಲು ಗಂಟೆಯೊಳಗೆ ನಿದ್ದೆ ಬಂದಿತು. ಮರುದಿನ ಬೆಳಿಗ್ಗೆ ಮಗಳು ಅಭಿಪ್ರಾಯ ಕೇಳಿದಾಗ, “ಮನುಷ್ಯ ಜಾಣ, ಆದರೆ ತಣ್ಣನೆಯವನು” ಎಂದುಬಿಟ್ಟೆ. ಪಾತ್ರಗಳು ಗೋಡೆಯಾಚೆ, ಗಾಜಿನಾಚೆ, ಬಾಗಿಲ ಸಂದಿಯಲ್ಲಿ ನಿಂತು ಮಾತನಾಡುತ್ತವೆ. ಅಳುವವರ ಮುಖವನ್ನು ಕ್ಯಾಮರಾ ಹತ್ತಿರ ಹೋಗಿ ತೋರಿಸುವುದಿಲ್ಲ. ಮುಖ್ಯವಾದುದು ನಡೆಯುತ್ತಿರುವಾಗ ನಾವು ಪಕ್ಕದ ಕೋಣೆಯಲ್ಲಿ ಕಾಯುತ್ತಿರುವಂತೆ ತೋರುತ್ತದೆ. ಇದೇ ದೂರು ಅವರ ಬಗ್ಗೆ ಇತರ ಕಡೆಯೂ ಕೇಳಿಬಂದಿದೆ. ಇಟಲಿಯ ಅಂತೋನಿಯೋನಿಯವರಿಗೆ ಅವರನ್ನು ಹೋಲಿಸುವವರಲ್ಲಿ ಕೆಲವರು ಅದನ್ನು ಹೊಗಳಿಕೆಯಾಗಿಯೂ ಕೆಲವರು ತೆಗಳಿಕೆಯಾಗಿಯೂ ಹೇಳುತ್ತಾರೆ. ಈ ದೂರ ಎಂಬುದು ಅವರ ಕಲೆಯಲ್ಲಿ ಏನು ಮಾಡುತ್ತದೆ ಎಂಬುದೇ ನಾನು ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ.

ಮೊದಲು ಆ ನೆಲದ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. ತೈವಾನ್ 1895ರಿಂದ 1945ರವರೆಗೆ ಐವತ್ತು ವರ್ಷ ಜಪಾನೀಯರ ಅಧೀನದಲ್ಲಿತ್ತು. 1949ರಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಸೋತ ಚಿಯಾಂಗ್ ಕೈಷೇಕರ ರಾಷ್ಟ್ರೀಯ ಪಕ್ಷ ತನ್ನ ಸೈನ್ಯ, ಅಧಿಕಾರಿಗಳು, ಅವರ ಸಂಸಾರಗಳೊಡನೆ ಆ ದ್ವೀಪಕ್ಕೆ ಬಂದು ನೆಲಸಿತು. ಹಾಗೆ ಬಂದವರ ಸಂಖ್ಯೆ ಹತ್ತು ಲಕ್ಷಕ್ಕೂ ಮಿಕ್ಕದ್ದು. ಇಂದೋ ನಾಳೆಯೋ ತಾಯ್ನೆಲಕ್ಕೆ ಹಿಂದಿರುಗುತ್ತೇವೆಂಬ ನಂಬಿಕೆಯಲ್ಲಿ ಅವರು ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚದೆ ಬದುಕಿದರು. ಅದೇ ವರ್ಷ ಜಾರಿಗೆ ಬಂದ ಲಷ್ಕರಿ ಕಾಯಿದೆ ತೆರವಾದದ್ದು 1987ರಲ್ಲಿ. ಮೂವತ್ತೆಂಟು ವರ್ಷ ಆ ಸಮಾಜ ಅನುಮಾನದ ಕಣ್ಣಿನ ಕೆಳಗೆ ಬಾಳಿತು. ಅದೇ ಅವಧಿಯಲ್ಲಿ ಹೊಲಗದ್ದೆಗಳ ನಾಡು ಕಾರ್ಖಾನೆಗಳ ನಾಡಾಗಿ, ಗಾಜಿನ ಕಟ್ಟಡಗಳ ನಾಡಾಗಿ ಬೆಳೆಯಿತು.

ಯಾಂಗ್ ಈ ವಲಸಿಗರ ಮಗ. 1947ರಲ್ಲಿ ಷಾಂಘೈಯಲ್ಲಿ ಹುಟ್ಟಿದವರು, ಎರಡು ವರ್ಷದ ಕೂಸಾಗಿದ್ದಾಗ ತಂದೆತಾಯಿಗಳೊಡನೆ ತೈಪೆಗೆ ಬಂದರು. ಬಾಲ್ಯದಲ್ಲಿ ಚಿತ್ರಕಥೆಗಳ ಹುಚ್ಚು. ಜಪಾನಿನ ಒಸಾಮು ತೆಜುಕಾ ಅವರ ಚಿತ್ರಕಥೆಗಳನ್ನು ಓದಿ ತಾವೂ ಬರೆಯುತ್ತಿದ್ದರಂತೆ. ಆದರೆ ಓದಿದ್ದು ಇಂಜಿನಿಯರಿಂಗ್. ಅಮೆರಿಕದ ಫ್ಲಾರಿಡಾಕ್ಕೆ ಹೋಗಿ 1974ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿಯ ಚಲನಚಿತ್ರ ಶಾಲೆಯೊಂದಕ್ಕೆ ಸೇರಿ, ಒಗ್ಗದೆ ಬಿಟ್ಟರು. ಆಮೇಲೆ ಸಿಯಾಟಲ್ ನಗರದಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಉದ್ಯೋಗ. ಜರ್ಮನಿಯ ಹೆರ್ಟ್ಸೋಗರ ‘ಅಗಿರ್ರೆ’ ಚಿತ್ರವನ್ನು ಅಲ್ಲಿ ನೋಡಿದ್ದು ತಮ್ಮ ಹಳೆಯ ಬಯಕೆಯನ್ನು ಮತ್ತೆ ಕೆದಕಿತೆಂದು ಅವರೇ ಹೇಳಿಕೊಂಡಿದ್ದಾರೆ. ಮೂವತ್ತು ದಾಟಿದ ಮೇಲೆ, ಸಂಬಳ ಬರುತ್ತಿದ್ದ ಕೆಲಸವನ್ನು ಬಿಟ್ಟು ತೈಪೆಗೆ ಮರಳಿದರು. ಇಂಜಿನಿಯರನ ಆ ವ್ಯವಸ್ಥಿತ ಬುದ್ಧಿ ಅವರ ಚಿತ್ರಗಳ ಕಟ್ಟಣೆಯಲ್ಲಿ ಕಡೆಯವರೆಗೂ ಉಳಿದಿದೆ: ಯಾವ ತಂತಿ ಎಲ್ಲಿಗೆ ಕೂಡುತ್ತದೆ ಎಂಬುದು ಅವರಿಗೆ ಯಾವಾಗಲೂ ಗೊತ್ತು.

1982ರಲ್ಲಿ ನಾಲ್ವರು ಹೊಸ ನಿರ್ದೇಶಕರು ಒಂದೊಂದು ಕಥೆಯನ್ನು ತೆಗೆದು ಹೊಸೆದ ‘ನಮ್ಮ ಕಾಲದಲ್ಲಿ’ ಎಂಬ ಚಿತ್ರ ಬಂದಿತು. ತೈವಾನಿನ ಹೊಸ ಅಲೆ ಅಲ್ಲಿಂದ ಮೊದಲಾಯಿತೆಂದು ಲೆಕ್ಕ. ಅದರಲ್ಲಿ ಯಾಂಗರದೂ ಒಂದು ಭಾಗ. ಆ ಅಲೆಯ ಇನ್ನೊಬ್ಬ ಹಿರಿಯರು ಹೌ ಷಿಯಾವೊ ಷೆನ್. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಒಬ್ಬರಿಗೊಬ್ಬರು ಸ್ನೇಹಿತರು. ಹೌ ಅವರ ಮನಸ್ಸು ಹಳ್ಳಿಯ ಕಡೆಗೆ, ಸಣ್ಣ ಊರುಗಳ ನೆನಪಿನ ಕಡೆಗೆ ಹರಿದರೆ, ಯಾಂಗ್ ತೈಪೆ ನಗರವನ್ನು ಬಿಟ್ಟು ಕದಲಲಿಲ್ಲ. ಒಂದು ನಗರದಲ್ಲಿ ಜನ ಹೇಗೆ ಪರಸ್ಪರ ಅಪರಿಚಿತರಾಗುತ್ತಾರೆ ಎಂಬುದನ್ನು ಏಳು ಚಿತ್ರಗಳಲ್ಲಿ ಏಳು ಬಗೆಯಾಗಿ ಕೇಳಿದರು.

ಮೊದಲ ಚಿತ್ರ ‘ಆ ದಿನ, ಕಡಲ ದಡದಲ್ಲಿ’. ಹದಿಮೂರು ವರ್ಷಗಳ ಅನಂತರ ಭೇಟಿಯಾದ ಇಬ್ಬರು ಹೆಂಗಸರು ಒಂದು ಕಾಫಿ ಅಂಗಡಿಯಲ್ಲಿ ಕುಳಿತು ಮಾತನಾಡುತ್ತಾರೆ. ಒಬ್ಬಳು ವಿದೇಶದಲ್ಲಿ ಹೆಸರಾದ ಪಿಯಾನೋ ವಾದಕಿ. ಇನ್ನೊಬ್ಬಳು ಅವಳ ಹಳೆಯ ಪ್ರಿಯನ ತಂಗಿ. ಆ ತಂಗಿಯ ಗಂಡ ಒಂದು ದಿನ ಕಡಲ ದಡದಿಂದ ಕಾಣೆಯಾಗಿದ್ದ. ಮುಳುಗಿದನೋ ಓಡಿಹೋದನೋ ಎಂಬುದು ಕಥೆ ಮುಗಿದರೂ ತಿಳಿಯುವುದಿಲ್ಲ. ತಿಳಿಯದೆ ಉಳಿದುದರೊಡನೆ ಆಕೆ ಹೇಗೆ ಸ್ವತಂತ್ರಳಾಗಿ ಬದುಕಲು ಕಲಿತಳು ಎಂಬುದೇ ಕಥೆ. ಮೊದಲ ಕೃತಿಯಲ್ಲೇ ನಿರ್ದೇಶಕರು ಒಂದು ಪಟ್ಟು ಹಿಡಿದದ್ದು ಕಾಣುತ್ತದೆ: ಪಾತ್ರಗಳಿಗೆ ಗೊತ್ತಿಲ್ಲದುದನ್ನು ಪ್ರೇಕ್ಷಕರ ಕಿವಿಯಲ್ಲಿ ಉಸುರಲಾಗದು.

1985ರ ‘ತೈಪೆ ಕಥೆ’ಗೆ ಚೀನೀ ಭಾಷೆಯಲ್ಲಿ ಬೇರೆಯ ಹೆಸರಿದೆ. ಹಸಿರು ಪ್ಲಮ್ ಕಾಯಿ, ಬಿದಿರಿನ ಕುದುರೆ ಎಂದು ಅದರ ಅರ್ಥ. ಪ್ರಾಚೀನ ಕವಿ ಲೀ ಬಾಯ್‌ನ ಕವಿತೆಯೊಂದರಿಂದ ಬಳಕೆಗೆ ಬಂದ ಈ ನುಡಿಗಟ್ಟು ಬಾಲ್ಯದಿಂದ ಜೊತೆಯಾಗಿ ಬೆಳೆದ ಗಂಡುಹೆಣ್ಣನ್ನು ಸೂಚಿಸುತ್ತದೆ. ಚಿತ್ರದ ನಾಯಕ ಹುಡುಗನಾಗಿದ್ದಾಗ ಬೇಸ್‌ಬಾಲ್ ಆಡಿ ಹೆಸರು ಮಾಡಿದ್ದವನು. ಈಗ ಹಳೆಯ ಪೇಟೆಯಲ್ಲಿ ಬಟ್ಟೆಯ ವ್ಯಾಪಾರ. ಆ ಪಾತ್ರವನ್ನು ಮಾಡಿದವರು ಹೌ ಷಿಯಾವೊ ಷೆನ್ ಅವರೇ. ಚಿತ್ರಕ್ಕಾಗಿ ತಮ್ಮ ಮನೆಯನ್ನು ಅಡವಿಟ್ಟವರೂ ಅವರೇ. ನಾಯಕಿಯ ಪಾತ್ರದಲ್ಲಿ ಗಾಯಕಿ ತ್ಸಾಯ್ ಚಿನ್. ಅವಳಿಗೆ ಹೊಸ ಕಟ್ಟಡಗಳನ್ನು ಕಟ್ಟುವ ಸಂಸ್ಥೆಯಲ್ಲಿ ಕೆಲಸ. ಅವನ ಕಣ್ಣು ಹಿಂದಕ್ಕೆ, ಅವಳ ಕಣ್ಣು ಮುಂದಕ್ಕೆ. ಒಂದು ದೃಶ್ಯದಲ್ಲಿ ಅವಳ ಜೊತೆಯ ವಾಸ್ತುಶಿಲ್ಪಿ ಕಿಟಕಿಯಿಂದ ನಗರವನ್ನು ನೋಡುತ್ತ, ಇವುಗಳಲ್ಲಿ ನಾನು ಯೋಜಿಸಿದ ಕಟ್ಟಡ ಯಾವುದು, ಬೇರೆಯವರದು ಯಾವುದು ಎಂಬುದೇ ನನಗೆ ಈಗ ಗುರುತು ಸಿಗುವುದಿಲ್ಲ ಎನ್ನುತ್ತಾನೆ. ಕಡೆಗೆ ನಾಯಕ ರಾತ್ರಿ ಹೊತ್ತು, ಬೀದಿಬದಿಯಲ್ಲಿ ಎಸೆದಿದ್ದ ಹಳೆಯ ಟೆಲಿವಿಷನ್ ಪೆಟ್ಟಿಗೆಯ ಪಕ್ಕದಲ್ಲಿ, ಚೂರಿಯ ಗಾಯದಿಂದ ಸಾಯುತ್ತಾನೆ. ಆ ಸತ್ತ ಪೆಟ್ಟಿಗೆಯ ಗಾಜಿನಲ್ಲಿ ಅವನಿಗೆ ಬಾಲ್ಯದ ಆಟದ ಗೆಲುವು ಕಾಣಿಸುತ್ತದೆ. ತೈಪೆಯ ಚಿತ್ರಮಂದಿರದಲ್ಲಿ ಈ ಚಿತ್ರ ನಾಲ್ಕೇ ದಿನ ಓಡಿತು. ನಾನಂತೂ ಆ ದೃಶ್ಯ ಬರುವ ಮೊದಲೇ ನಿದ್ದೆ ಹೋಗಿದ್ದೆ; ಅದನ್ನು ನೋಡಿದ್ದು ಮೂರು ವರ್ಷಗಳ ಬಳಿಕ.

1986ರ ‘ಭಯೋತ್ಪಾದಕರು’ ಹೆಸರಿನಿಂದ ದಾರಿತಪ್ಪಿಸುತ್ತದೆ. ಅದರಲ್ಲಿ ಬಾಂಬೂ ಇಲ್ಲ, ರಾಜಕೀಯ ಸಂಚೂ ಇಲ್ಲ. ಮನೆಯಲ್ಲಿ ಕೂಡಿಹಾಕಲ್ಪಟ್ಟ ಹುಡುಗಿಯೊಬ್ಬಳು ಬೇಸರ ಕಳೆಯಲು ಟೆಲಿಫೋನ್ ಪುಸ್ತಕ ನೋಡಿ ಯಾರಯಾರಿಗೋ ಸುಳ್ಳು ಕರೆ ಮಾಡುತ್ತಾಳೆ. ಅಂಥ ಒಂದು ಕರೆ ಬರೆಯಲಾಗದೆ ಒದ್ದಾಡುತ್ತಿದ್ದ ಕಾದಂಬರಿಗಾರ್ತಿಯ ಮನೆಗೆ ಹೋಗುತ್ತದೆ. ಅವಳ ಸಂಸಾರ ಒಡೆಯುತ್ತದೆ. ಅವಳಿಗೆ ಕಾದಂಬರಿ ಸಿಗುತ್ತದೆ. ಆಸ್ಪತ್ರೆಯಲ್ಲಿ ಕೆಲಸದಲ್ಲಿರುವ ಅವಳ ಗಂಡ ನಾಶವಾಗುತ್ತಾನೆ. ಮುಕ್ತಾಯದಲ್ಲಿ ನಾವು ನೋಡಿದ್ದು ನಡೆದದ್ದೋ, ಕನಸೋ, ಅವಳ ಕಾದಂಬರಿಯ ಪುಟವೋ ಎಂಬುದು ಒಂದರ ಮೇಲೊಂದು ಅಳಿಸಿಹೋಗುತ್ತದೆ. ಅಮೆರಿಕದ ವಿಮರ್ಶಕ ಫ್ರೆಡ್ರಿಕ್ ಜೇಮ್ಸನ್ ಈ ಒಂದು ಚಿತ್ರವನ್ನು ಕುರಿತು ದೀರ್ಘ ಪ್ರಬಂಧವನ್ನೇ ಬರೆದಿದ್ದಾರೆ. ನನ್ನ ಮನಸ್ಸಿನಲ್ಲಿ ನಿಂತಿರುವುದು ಒಂದು ಗೋಡೆ. ಆ ಹುಡುಗಿಯ ಮುಖದ ದೊಡ್ಡ ಛಾಯಾಚಿತ್ರವನ್ನು ಒಬ್ಬ ತರುಣ ಹಲವು ಹಾಳೆಗಳ ತುಂಡುತುಂಡಾಗಿ ಅಂಟಿಸಿರುತ್ತಾನೆ. ಕಿಟಕಿ ತೆರೆದಾಗ ಗಾಳಿ ಬೀಸಿ ಹಾಳೆಗಳು ಒಂದೊಂದಾಗಿ ಏಳುತ್ತವೆ. ಮುಖ ಅಲುಗುತ್ತದೆ, ಆದರೆ ಒಡೆದ ತುಂಡುಗಳಾಗಿ ಅಲುಗುತ್ತದೆ. ಆ ಚಿತ್ರದ ತಾತ್ಪರ್ಯವೆಲ್ಲ ಅಲ್ಲಿದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

1991ರಲ್ಲಿ ಬಂದದ್ದು ಅವರ ಮಹಾಕೃತಿ, ‘ಇನ್ನೂ ಬೆಳಗಿದ ಬೇಸಗೆಯ ದಿನ’. ನಾಲ್ಕು ಗಂಟೆಗೆ ಮೂರೇ ನಿಮಿಷ ಕಡಿಮೆ. ನೂರಕ್ಕೆ ಮಿಕ್ಕ ಪಾತ್ರಗಳು. 1961ರಲ್ಲಿ ತೈಪೆಯ ಗುಲಿಂಗ್ ಬೀದಿಯಲ್ಲಿ ಶಾಲೆಯ ಹುಡುಗನೊಬ್ಬ ತಾನು ಪ್ರೀತಿಸಿದ ಹುಡುಗಿಯನ್ನು ಇರಿದು ಕೊಂದ. ಆಗ ಯಾಂಗರಿಗೆ ಹದಿಮೂರು ವರ್ಷ. ಕೊಂದ ಹುಡುಗ ಅವರ ಶಾಲೆಯವನೇ. ಮೂವತ್ತು ವರ್ಷ ಆ ಘಟನೆಯನ್ನು ಮನಸ್ಸಿನಲ್ಲಿ ಹೊತ್ತು ಕಡೆಗೆ ಅವರು ಕೇಳಿದ ಪ್ರಶ್ನೆ, ಹುಡುಗ ಏಕೆ ಕೊಂದ ಎಂಬುದಷ್ಟೇ ಅಲ್ಲ. ಒಬ್ಬ ಸಭ್ಯ ಮನೆತನದ ಹುಡುಗ ಕೊಲ್ಲುವ ಹಂತಕ್ಕೆ ಬರಬೇಕಾದರೆ ಎಷ್ಟು ಜನ, ಎಷ್ಟು ಸಂಗತಿಗಳು ಅದರಲ್ಲಿ ಕೈಗೂಡಿಸಿರಬೇಕು ಎಂಬುದು.

ಉತ್ತರವಾಗಿ ಅವರು ಇಡೀ ಕಾಲವನ್ನು ಮುಂದಿಟ್ಟರು. ವಲಸೆ ಬಂದ ಅಧಿಕಾರಿಗಳ ಮಕ್ಕಳು ಜಪಾನೀಯರು ಬಿಟ್ಟುಹೋದ ಮರದ ಮನೆಗಳಲ್ಲಿ ವಾಸ ಮಾಡುತ್ತಾರೆ. ಮಾಳಿಗೆಯಲ್ಲಿ ಜಪಾನಿ ಕತ್ತಿಗಳು ಸಿಗುತ್ತವೆ. ಅಮೆರಿಕದ ಹಾಡುಗಳನ್ನು ಅರ್ಥ ತಿಳಿಯದೆ, ಪದಗಳನ್ನು ಕಿವಿಯಿಂದ ಹಿಡಿದು ಹಾಡುತ್ತಾರೆ. ಚಿತ್ರದ ಇಂಗ್ಲಿಷ್ ಹೆಸರು ಎಲ್ವಿಸ್ ಪ್ರೆಸ್ಲಿಯ ಹಾಡಿನ ಸಾಲೊಂದನ್ನು ತಪ್ಪಾಗಿ ಕೇಳಿಸಿಕೊಂಡುದರಿಂದ ಬಂದದ್ದು. ಬೀದಿಗಳಲ್ಲಿ ಹುಡುಗರ ಗುಂಪುಗಳು ಬಡಿದಾಡುತ್ತವೆ; ದೊಡ್ಡವರ ಲೋಕ ಅವರಿಗೆ ಕೊಡದ ಭದ್ರತೆಯನ್ನು ಗುಂಪು ಕೊಡುತ್ತದೆ. ನಾಯಕನ ತಂದೆ ನೇರ ನಡೆಯ ಮನುಷ್ಯ. ಮೊದಲ ಸಲ ಮಗನಿಗೆ ಶಾಲೆಯಲ್ಲಿ ಅನ್ಯಾಯವಾದಾಗ ಅಧಿಕಾರಿಯ ಎದುರು ತಲೆಯೆತ್ತಿ ವಾದಿಸುತ್ತಾನೆ. ಆಮೇಲೆ ಒಂದು ರಾತ್ರಿ ಗುಪ್ತ ಪೊಲೀಸರು ಅವನನ್ನು ಕರೆದೊಯ್ಯುತ್ತಾರೆ. ಅಲ್ಲಿ ಹೊಡೆತವನ್ನು ನಾವು ಕಾಣುವುದಿಲ್ಲ. ಒಬ್ಬ ಮನುಷ್ಯ ಕೋಣೆಯಲ್ಲಿ ಕುಳಿತು ತನಗೆ ಗೊತ್ತಿದ್ದವರ ಹೆಸರುಗಳನ್ನು ಮತ್ತೆ ಮತ್ತೆ ಬರೆಯುತ್ತಾನೆ, ಅಷ್ಟೆ. ಮರಳಿ ಬಂದವನು ಬೇರೆ ಮನುಷ್ಯ. ಎರಡನೆಯ ಸಲ ಶಾಲೆಗೆ ಹೋದಾಗ ಅವನು ಬೇಡಿಕೊಳ್ಳುತ್ತಾನೆ, ಮಗ ಅದನ್ನು ನೋಡುತ್ತಾನೆ. ಈ ತಂದೆಮಕ್ಕಳ ಪಾತ್ರಗಳನ್ನು ನಿಜಜೀವನದ ತಂದೆಮಕ್ಕಳೇ, ಚಾಂಗ್ ಕುಒ ಚು ಮತ್ತು ಚಾಂಗ್ ಚೆನ್, ವಹಿಸಿದ್ದಾರೆ.

ಚಿತ್ರದುದ್ದಕ್ಕೂ ಬೆಳಕಿನದೇ ಒಂದು ಕಥೆಯಿದೆ. ಮೊದಲ ಚೌಕಟ್ಟಿನಲ್ಲಿ ಒಂದು ವಿದ್ಯುದ್ದೀಪ ಹೊತ್ತಿಕೊಳ್ಳುತ್ತದೆ. ಹುಡುಗ ಪಕ್ಕದ ಸಿನಿಮಾ ಸ್ಟುಡಿಯೋದಿಂದ ಒಂದು ಟಾರ್ಚನ್ನು ಕದಿಯುತ್ತಾನೆ. ಮಲಗುವ ಗೂಡಿನಲ್ಲಿ ಅದರ ಬೆಳಕಿನಲ್ಲಿ ದಿನಚರಿ ಬರೆಯುತ್ತಾನೆ. ಬಿರುಗಾಳಿಯ ರಾತ್ರಿ ನಡೆಯುವ ಮಾರಣಹೋಮವನ್ನು ಟಾರ್ಚಿನ ಅರೆಬೆಳಕಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಕಾಣುತ್ತೇವೆ. ಕಡೆಗೆ ಕೊಲೆಯಾದಾಗ ಕ್ಯಾಮರಾ ಹತ್ತಿರ ಧಾವಿಸುವುದಿಲ್ಲ. ರಾತ್ರಿಯ ಬೀದಿಯಲ್ಲಿ ಜನ ತಮ್ಮ ತಮ್ಮ ಕೆಲಸದಲ್ಲಿ ತೊಡಗಿರುವಾಗ ಆ ಇಬ್ಬರನ್ನು ದೂರದಿಂದ ತೋರಿಸುತ್ತದೆ. ನನ್ನ ‘ತಣ್ಣನೆಯ ಮನುಷ್ಯ’ ಎಂಬ ತೀರ್ಪು ಇಲ್ಲಿ ಮೊದಲು ಅಲುಗಿತು. ಹತ್ತಿರ ಹೋಗಿದ್ದರೆ ನಾವು ಹುಡುಗನ ಕಣ್ಣೀರನ್ನು ಕಂಡು ಅವನ ಪಕ್ಷ ವಹಿಸುತ್ತಿದ್ದೆವು, ಇಲ್ಲವೆ ಹುಡುಗಿಯ ರಕ್ತವನ್ನು ಕಂಡು ಅವನಿಗೆ ಶಾಪ ಹಾಕುತ್ತಿದ್ದೆವು. ದೂರ ನಿಂತುದರಿಂದ ಬೀದಿ ಕಾಣಿಸಿತು. ಆ ಬೀದಿ ಕಾಣದೆ ಆ ಕೊಲೆ ಅರ್ಥವಾಗುವುದಿಲ್ಲ.

ಇಲ್ಲಿ ನಮ್ಮ ಮೀಮಾಂಸಕರ ಒಂದು ಮಾತು ಸಹಾಯಕ್ಕೆ ಬರುತ್ತದೆ. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅಭಿನವಗುಪ್ತ ಎಣಿಸುತ್ತಾನೆ. ಅವುಗಳಲ್ಲಿ ಒಂದು, ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು. ತನ್ನ ನೋವಿನಲ್ಲಿ ಮುಳುಗಿದವನಿಗೆ ರಂಗದ ಮೇಲಿನ ನೋವು ರಸವಾಗದು. ನಮ್ಮ ಪ್ರಾಚೀನರು ಇದನ್ನು ನಿವಾರಿಸಲು ಸಂಗೀತ, ನೃತ್ಯ ಮೊದಲಾದವುಗಳನ್ನು ಸಾಧನವಾಗಿ ಕಂಡರು. ಯಾಂಗ್ ಅಂತರವನ್ನು ಸಾಧನವಾಗಿ ಹಿಡಿದರು ಎಂದು ನನಗೆ ತೋರುತ್ತದೆ. ಬಾಗಿಲಿನ ಚೌಕಟ್ಟು, ಕಿಟಕಿಯ ಗಾಜು, ಉದ್ದನೆಯ ನಡುಮನೆ, ಇವೆಲ್ಲ ನಮ್ಮನ್ನು ಒಂದು ಹೆಜ್ಜೆ ಹಿಂದಕ್ಕೆ ನಿಲ್ಲಿಸುತ್ತವೆ. ಬೇರೆಯವರ ಮನೆಯಲ್ಲಿ ದುಃಖವಾದಾಗ ತಿಳಿದವರು ಹೊಸ್ತಿಲ ಬಳಿ ನಿಲ್ಲುವುದಿಲ್ಲವೆ, ಅಂಥ ಮರ್ಯಾದೆ ಅದು.

ಹೊಗಳಿಕೆಯ ಭರದಲ್ಲಿ ದೋಷಗಳನ್ನು ಮುಚ್ಚಿಡುವುದು ವಿಮರ್ಶಕನ ಧರ್ಮವಲ್ಲ. 1994ರ ‘ಕನ್ಫ್ಯೂಷಿಯನ್ ಗೊಂದಲ’ ಮತ್ತು 1996ರ ‘ಮಾಜಾಂಗ್’ ಚಿತ್ರಗಳಲ್ಲಿ ಯಾಂಗ್ ಆ ಮರ್ಯಾದೆಯನ್ನು ಕೈಬಿಟ್ಟರು. ಹಣ ಬಂದ ಮೇಲೆ ತೈಪೆ ಹೇಗೆ ಕೆಟ್ಟಿತು ಎಂಬ ಸಿಟ್ಟು ಅವರ ನಾಲಗೆಯನ್ನು ಚುರುಕು ಮಾಡಿತು. ಕಣ್ಣನ್ನು ಸ್ವಲ್ಪ ಮಂಕು ಮಾಡಿತು. ಪಾತ್ರಗಳು ವಿಪರೀತ ಮಾತನಾಡುತ್ತವೆ, ಅದರಲ್ಲಿ ಬಹುಪಾಲು ನಿರ್ದೇಶಕರ ಮಾತು. ‘ಮಾಜಾಂಗ್’ನಲ್ಲಿ ಬರುವ ವಿದೇಶೀಯರು ಮನುಷ್ಯರಾಗುವ ಮೊದಲೇ ಉದಾಹರಣೆಗಳಾಗಿಬಿಡುತ್ತಾರೆ. ಕಡೆಯ ಚಿತ್ರದಲ್ಲಿ ಕೂಡ ಒಂದು ಕೊಲೆಯ ಪ್ರಸಂಗ ಬರುತ್ತದೆ. ಅದು ಬೇರೊಂದು ಚಿತ್ರದಿಂದ ದಾರಿ ತಪ್ಪಿ ಬಂದಂತೆ ನನಗೆ ಇಂದಿಗೂ ತೋರುತ್ತದೆ. ಎಚ್ಚರದ ಬುದ್ಧಿಯುಳ್ಳ ಲೇಖಕರಿಗೂ ಈ ಅಪಾಯ ತಪ್ಪದು: ತಮಗೆ ತಿಳಿದುದನ್ನೆಲ್ಲ ಹೇಳಿಬಿಡುವ ಆತುರ.

ಆ ಆತುರ ಇಳಿದ ಮೇಲೆ ಬಂದದ್ದು 2000ದ ‘ಯಿ ಯಿ’. ಚೀನೀ ಭಾಷೆಯಲ್ಲಿ ಯಿ ಎಂದರೆ ಒಂದು. ಅದರ ಲಿಪಿ ಒಂದು ಅಡ್ಡಗೆರೆ. ಎರಡು ಅಡ್ಡಗೆರೆಗಳನ್ನು ಒಂದರ ಕೆಳಗೊಂದು ಬರೆದರೆ ‘ಎರಡು’ ಎಂಬಂತೆಯೂ ಕಾಣುತ್ತದೆ. ಒಂದು ಮದುವೆಯಿಂದ ಮೊದಲಾಗಿ ಒಂದು ಸಾವಿನ ಕಾರ್ಯದಲ್ಲಿ ಮುಗಿಯುವ ಈ ಚಿತ್ರ ಮೂರು ಗಂಟೆಗೆ ಏಳು ನಿಮಿಷ ಕಡಿಮೆ. ಕಾನ್ ಚಿತ್ರೋತ್ಸವದಲ್ಲಿ ಅದು ಯಾಂಗರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿಯನ್ನು ತಂದಿತು. ಆದರೆ ಆಗ ತೈವಾನಿನ ಚಿತ್ರಮಂದಿರಗಳಲ್ಲಿ ಅದು ತೆರೆ ಕಾಣಲಿಲ್ಲ.

ಕಥೆ ಎಂದು ಹೇಳುವುದಕ್ಕೆ ಹೆಚ್ಚಿಲ್ಲ. ನಡುವಯಸ್ಸಿನ ಎನ್.ಜೆ. ಒಂದು ಕಂಪ್ಯೂಟರ್ ಸಂಸ್ಥೆಯ ಪಾಲುದಾರ. ಈ ಪಾತ್ರವನ್ನು ಲೇಖಕ, ನಿರ್ದೇಶಕ ವೂ ನಿಯೆನ್ ಜೆನ್ ಮಾಡಿದ್ದಾರೆ. ಮೈದುನನ ಮದುವೆಯ ದಿನ ಹೋಟೆಲಿನ ಲಿಫ್ಟಿನ ಬಳಿ ಅವನ ಮೊದಲ ಪ್ರೇಯಸಿ ಎದುರಾಗುತ್ತಾಳೆ. ಅದೇ ದಿನ ಅವನ ಅತ್ತೆ ಪ್ರಜ್ಞೆ ತಪ್ಪಿ ಬಿದ್ದು ಮತ್ತೆ ಏಳುವುದಿಲ್ಲ. ಕೆಳಗೆ ಒಯ್ಯಬೇಕಾಗಿದ್ದ ಕಸದ ಚೀಲವನ್ನು ತಾನು ಮರೆತದ್ದರಿಂದಲೇ ಅಜ್ಜಿಗೆ ಹೀಗಾಯಿತೆಂದು ಮೊಮ್ಮಗಳು ಒಳಗೊಳಗೇ ಬೇಯುತ್ತಾಳೆ, ಯಾರಿಗೂ ಹೇಳುವುದಿಲ್ಲ. ಎನ್.ಜೆ. ಕೆಲಸದ ಮೇಲೆ ಟೋಕಿಯೋಗೆ ಹೋಗಿ ಹಳೆಯ ಪ್ರೇಯಸಿಯೊಡನೆ ಕೆಲವು ದಿನ ತಿರುಗಾಡುತ್ತಾನೆ. ಇನ್ನೊಂದು ಅವಕಾಶ ಸಿಕ್ಕರೂ ಬಾಳು ಹೆಚ್ಚುಕಡಿಮೆ ಹೀಗೆಯೇ ಆಗುತ್ತಿತ್ತೆಂದು ತಿಳಿದು ಮರಳುತ್ತಾನೆ.

ಎಂಟು ವರ್ಷದ ಮಗ ಯಾಂಗ್ ಯಾಂಗನಿಗೆ ತಂದೆ ಒಂದು ಕ್ಯಾಮರಾ ಕೊಟ್ಟಿದ್ದಾನೆ. ಹುಡುಗನ ಸಂಶಯ ಸರಳವಾದದ್ದು. ನನಗೆ ಮುಂದಿರುವುದು ಮಾತ್ರ ಕಾಣುತ್ತದೆ, ಹಿಂದಿರುವುದು ಕಾಣುವುದಿಲ್ಲ. ಹಾಗಾದರೆ ನಮಗೆ ತಿಳಿಯುವುದು ಅರ್ಧ ಸತ್ಯ ಮಾತ್ರವೆ? ಆದ್ದರಿಂದ ಅವನು ಜನರ ತಲೆಯ ಹಿಂಭಾಗವನ್ನು ಚಿತ್ರ ತೆಗೆದು ಅವರವರಿಗೇ ಕೊಡುತ್ತಾನೆ. ನಿಮಗೆ ಕಾಣುವುದಿಲ್ಲ, ಅದಕ್ಕೆ ತೋರಿಸುತ್ತಿದ್ದೇನೆ ಎಂಬುದು ಅವನ ಸಮಾಧಾನ. ಶಾಲೆಯ ಗುರುಗಳು ನಗೆಯಾಡುತ್ತಾರೆ. ಹುಡುಗನಿಗೆ ನಿರ್ದೇಶಕರ ಮನೆತನದ ಹೆಸರೇ ಇರುವುದು ಆಕಸ್ಮಿಕವಿರಲಿಕ್ಕಿಲ್ಲ.

ಈಗ ನನ್ನ ಸ್ವಂತದ ಒಂದು ಮಾತನ್ನು ಹೇಳಬೇಕು. ಹೇಳದಿದ್ದರೆ ನನ್ನ ತೀರ್ಪು ಏಕೆ ತಿರುಗಿತೆಂಬುದು ತಿಳಿಯದು. ನನ್ನ ತಾಯಿ ಕೊನೆಯ ಏಳು ವಾರ ಎಚ್ಚರವಿಲ್ಲದೆ ಮಲಗಿದ್ದರು. ಮಾತನಾಡಿಸುತ್ತಿರಿ, ಒಳಗೆ ಕೇಳಿಸುತ್ತಿರಬಹುದು ಎಂದರು ವೈದ್ಯರು. ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡಿ ಬದುಕು ಸಾಗಿಸಿದ ನಾನು ಹಾಸಿಗೆಯ ಪಕ್ಕದಲ್ಲಿ ಕುಳಿತು, “ಅಮ್ಮ, ನಾನು ಬಂದಿದ್ದೇನೆ. ಊಟವಾಯಿತು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ” ಎಂದೆ. ಮುಂದೆ ಏನೂ ತೋಚಲಿಲ್ಲ. ಎರಡನೆಯ ದಿನವೂ ಅದೇ ಮೂರು ಮಾತು, ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ಕುಮಾರವ್ಯಾಸಭಾರತವನ್ನು ತೆಗೆದುಕೊಂಡು ಹೋಗಿ ಗಟ್ಟಿಯಾಗಿ ಓದತೊಡಗಿದೆ. ನೋಡಿದವರು ಮೆಚ್ಚಿದರು, ತಾಯಿಗೆ ಭಾರತ ಕೇಳಿಸುವ ಮಗನೆಂದರು. ಓದುತ್ತಿದ್ದದ್ದು ಆಕೆಗಾಗಿ ಅಲ್ಲ, ಹೇಳಲು ಏನೂ ಇಲ್ಲದ ನನ್ನನ್ನು ನಾನು ಮರೆಮಾಡಿಕೊಳ್ಳುವುದಕ್ಕೆ ಎಂಬುದು ನನಗೆ ಮಾತ್ರ ಗೊತ್ತಿತ್ತು. ಅದನ್ನು ಯಾರೊಡನೆಯೂ ಹೇಳಲಿಲ್ಲ.

ಎರಡು ವರ್ಷಗಳ ಮೇಲೆ ‘ಯಿ ಯಿ’ ನೋಡಿದೆ. ಪ್ರಜ್ಞೆಯಿಲ್ಲದ ಅಜ್ಜಿಯೊಡನೆ ಸರದಿಯ ಮೇಲೆ ಮಾತನಾಡಬೇಕೆಂದು ಮನೆಯವರು ಗೊತ್ತುಮಾಡಿಕೊಳ್ಳುತ್ತಾರೆ. ಮಗಳು ಮಿನ್ ಮಿನ್ ಕೆಲವು ದಿನ ಮಾತನಾಡುತ್ತಾಳೆ. ಒಂದು ರಾತ್ರಿ ಗಂಡನ ಮುಂದೆ ಕುಸಿದು ಅಳುತ್ತಾಳೆ. ಬೆಳಿಗ್ಗೆ ಏನು ಮಾಡಿದೆ, ಮಧ್ಯಾಹ್ನ ಏನು ಮಾಡಿದೆ ಎಂದು ಅಮ್ಮನಿಗೆ ಹೇಳಿದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ದಿನವೂ ಅದೇ, ನನ್ನ ಬಾಳು ಇಷ್ಟೇ ಏನು ಎಂಬುದು ಅವಳ ಗೋಳು. ಎನ್.ಜೆ. ಏನು ಮಾಡುತ್ತಾನೆ? ದಾದಿಗೆ ಹೇಳಿ ಅತ್ತೆಗೆ ವರ್ತಮಾನಪತ್ರಿಕೆ ಓದಿಸೋಣ ಎನ್ನುತ್ತಾನೆ. ಆ ಮಾತು ಕೇಳಿದಾಗ ನನಗೆ ನನ್ನ ಕೈಯಲ್ಲಿದ್ದ ಭಾರತ ನೆನಪಾಯಿತು. ನನ್ನ ತಲೆಯ ಹಿಂಭಾಗದ ಚಿತ್ರವನ್ನು ಆ ಹುಡುಗ ನನಗೇ ತಂದುಕೊಟ್ಟಂತಾಯಿತು.

ಸ್ವಂತ ದುಃಖ ರಸಕ್ಕೆ ವಿಘ್ನ ಎಂದು ಈಗತಾನೆ ಹೇಳಿದೆ. ಹಾಗಿದ್ದರೆ ನನ್ನ ದುಃಖದಿಂದಲೇ ಚಿತ್ರ ನನಗೆ ತೆರೆದುಕೊಂಡದ್ದು ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆ ದೃಶ್ಯದಲ್ಲಿ ಯಾಂಗ್ ಮಿನ್ ಮಿನ್‌ಳ ಕಣ್ಣೀರನ್ನು ಹಿಂಡಿ ನನ್ನ ಕಣ್ಣಿಗೆ ಸುರಿದಿದ್ದರೆ ನಾನು ನನ್ನ ತಾಯಿಯನ್ನು ನೆನೆದು ಅತ್ತು, ಹಗುರಾಗಿ, ಏನನ್ನೂ ಕಾಣದೆ ಏಳುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಇನ್ನೊಂದು ಕಡೆ ಅವಳು ಕಚೇರಿಯಲ್ಲಿ ಕತ್ತಲಲ್ಲಿ ಒಬ್ಬಳೇ ನಿಂತಿರುವಾಗ, ಕಿಟಕಿಯ ಗಾಜಿನಲ್ಲಿ ನಗರದ ದೀಪಗಳ ಪ್ರತಿಬಿಂಬ ಅವಳ ದೇಹದ ಮೇಲೆಯೇ ಹೊಳೆಯುತ್ತದೆ. ಅವಳೂ ನಗರವೂ ಒಂದೇ ಚೌಕಟ್ಟಿನಲ್ಲಿ ಒಂದರ ಮೇಲೊಂದು ಕಾಣುತ್ತವೆ. ಅಷ್ಟು ದೀಪಗಳ ಹಿಂದೆ ಅವಳಂತೆ ಮಾತು ಮುಗಿದು ಕುಳಿತವರು ಎಷ್ಟು ಮಂದಿಯೋ ಎಂದು ಯೋಚಿಸುವಷ್ಟು ತೆರಪನ್ನು ನಿರ್ದೇಶಕರು ಬಿಟ್ಟಿದ್ದಾರೆ. ನನ್ನ ನೋವು ನನ್ನೊಬ್ಬನದಾಗಿ ಉಳಿಯಲಿಲ್ಲ. ಸಾಧಾರಣೀಕರಣ ಎಂಬ ಪದವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನಿಗೆ ಅದರ ಅರ್ಥ ಅಂದು ಆಯಿತು.

ಮಿನ್ ಮಿನ್ ಸಮಾಧಾನ ಹುಡುಕಿ ಬೆಟ್ಟದ ಮೇಲಿನ ದೇವಾಲಯಕ್ಕೆ ಹೋಗುತ್ತಾಳೆ. ಹಿಂದಿರುಗಿ ಬಂದು, ಅಲ್ಲಿಯೂ ಹೆಚ್ಚೇನೂ ಬೇರೆ ಇರಲಿಲ್ಲ ಎನ್ನುತ್ತಾಳೆ. ದೊಡ್ಡ ಜ್ಞಾನೋದಯವನ್ನು ಯಾಂಗ್ ಯಾರಿಗೂ ದಯಪಾಲಿಸುವುದಿಲ್ಲ. ಅಜ್ಜಿಯೊಡನೆ ಮಾತನಾಡಲು ಒಪ್ಪದೆ ಇಡೀ ಚಿತ್ರದಲ್ಲಿ ಸುಮ್ಮನಿದ್ದವನು ಆ ಪುಟ್ಟ ಹುಡುಗ. ಕೊನೆಯಲ್ಲಿ, ಅಜ್ಜಿಯ ಅಂತ್ಯಕ್ರಿಯೆಯ ದಿನ, ತಾನು ಬರೆದುಕೊಂಡು ಬಂದ ಕೆಲವು ಮಾತುಗಳನ್ನು ಓದುತ್ತಾನೆ. ಜನರಿಗೆ ಗೊತ್ತಿಲ್ಲದುದನ್ನು ಹೇಳಬೇಕು, ಕಾಣದುದನ್ನು ತೋರಿಸಬೇಕು ಎಂಬುದು ಅವನ ಆಸೆ. ಇನ್ನೂ ಹೆಸರಿಡದ ಕೂಸೊಂದನ್ನು ನೋಡಿದಾಗ, ನನಗೂ ವಯಸ್ಸಾಯಿತೆಂದು ಅಜ್ಜಿ ಹೇಳುತ್ತಿದ್ದುದು ನೆನಪಾಗಿ, ತನಗೂ ಹಾಗೆಯೇ ಅನ್ನಿಸಿತೆಂದು ಹೇಳುತ್ತಾನೆ. ಅಷ್ಟು ಹೊತ್ತು ಮಾತನಾಡಿದ ದೊಡ್ಡವರು ಹೇಳಲಾಗದುದನ್ನು ಸುಮ್ಮನಿದ್ದವನು ಹೇಳಿದ.

ಇದೇ ಯಾಂಗರ ಕಡೆಯ ಚಿತ್ರವಾಯಿತು. ಮುಂದಿನ ಏಳು ವರ್ಷಗಳಲ್ಲಿ ಅವರು ತೊಡಗಿದ್ದ ಕೆಲಸ ಮುಗಿಯಲಿಲ್ಲ. ‘ಇನ್ನೂ ಬೆಳಗಿದ ಬೇಸಗೆಯ ದಿನ’ ಬಹುಕಾಲ ಸಮರ್ಪಕವಾದ ಪ್ರತಿಯೇ ಸಿಗದ ಸ್ಥಿತಿಯಲ್ಲಿತ್ತು. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಸ್ಥಾಪಿಸಿದ ವಿಶ್ವ ಸಿನಿಮಾ ಪ್ರತಿಷ್ಠಾನದ ನೆರವಿನಿಂದ 2009ರಲ್ಲಿ ಅದರ ಜೀರ್ಣೋದ್ಧಾರವಾಯಿತು. ಇಂದು ಅದನ್ನೂ ‘ಯಿ ಯಿ’ಯನ್ನೂ ನೋಡಬೇಕೆಂಬವರಿಗೆ ಒಳ್ಳೆಯ ಪ್ರತಿಗಳು ದೊರೆಯುತ್ತವೆ.

ನನ್ನ ತೀರ್ಪನ್ನು ಈಗ ಹೀಗೆ ತಿದ್ದಿಕೊಳ್ಳುತ್ತೇನೆ. ಏಳರಲ್ಲಿ ಎರಡು ಮಹತ್ವದ ಕೃತಿಗಳು, ಮೂರು ಒಳ್ಳೆಯವು, ಎರಡು ಸಿಟ್ಟಿನಿಂದ ಸೊರಗಿದವು. ಇಷ್ಟು ಕಡಿಮೆ ಬರೆದು ಇಷ್ಟು ಉಳಿಸಿದವರು ಸಾಹಿತ್ಯದಲ್ಲಿಯೂ ವಿರಳ. ಶ್ರೋತೃಗಳಲ್ಲಿ ಯಾರಾದರೂ ಈ ಚಿತ್ರಗಳನ್ನು ನೋಡಬೇಕೆಂದು ಮನಸ್ಸು ಮಾಡಿದರೆ ‘ಯಿ ಯಿ’ಯಿಂದ ಮೊದಲು ಮಾಡಿ. ಗುಲಿಂಗ್ ಬೀದಿಯ ಕಥೆಯನ್ನು ಒಂದು ರಜಾದಿನಕ್ಕೆ ಮೀಸಲಿಡಿ. ಬೆಳಗಿನ ಹೊತ್ತು ನೋಡಿ; ರಾತ್ರಿಯೂಟವಾದ ಮೇಲೆ ಮಾತ್ರ ಬೇಡ.